ಪೂರ್ತಿ ಬೇಡ

ಏಳು ತಿಂಗಳಿಗೇ ಹುಟ್ಟಿದ ಮಗು ಅಳಲಿಲ್ಲ. ಹೆರಿಗೆ ಕೋಣೆಯ ಬಾಗಿಲಲ್ಲಿ ಮಗುವಿನ ತಂದೆಯೂ ಅವನ ಅತ್ತೆಯೂ ನಿಂತಿದ್ದರು. ಒಳಗೆ ಡಾಕ್ಟರು ಮಗುವಿನ ಮುಖಕ್ಕೆ ಪುಟ್ಟ ಮಾಸ್ಕ್ ಇಟ್ಟು, ಗಾಳಿಚೀಲವನ್ನು ಮೆಲ್ಲಗೆ ಹಿಚುಕುತ್ತಿದ್ದರು.

“ಅಯ್ಯೋ, ಕೂಸು ನೀಲಿಗಟ್ಟಿದೆ! ಡಾಕ್ಟ್ರಮ್ಮಾ, ಆಕ್ಸಿಜನ್ ಪೂರ್ತಿ ಬಿಡಿ!” ಎಂದು ಅತ್ತೆ ಕೂಗಿದರು.

“ಬೇಕಾದಷ್ಟು ಬಿಟ್ಟಿದ್ದೀನಮ್ಮ. ಇಷ್ಟು ಎಳೆಯ ಮಗುವಿಗೆ ಹೆಚ್ಚಾದ್ರೂ ಕೇಡು.”

“ತುಂಬಿದ ಸಿಲಿಂಡರ್ ಪಕ್ಕದಲ್ಲಿಟ್ಕೊಂಡು ಇದೆಂಥ ಜಿಪುಣತನ! ಅಳಿಯಂದ್ರೇ, ನೀವಾದ್ರೂ ಹೇಳಬಾರದೇ?”

“ಬೇಡ ಅತ್ತೆ. ಅವರು ಕೊಟ್ಟಷ್ಟೇ ಇರಲಿ.”

“ಎಂಥ ತಂದೆ ನೀವು! ಕೂಸು ಕೈತಪ್ಪಿ ಹೋಗ್ತಾ ಇದೆ, ಕಲ್ಲಿನ ಹಾಗೆ ನಿಂತಿದ್ದೀರಲ್ಲ!”

ಅವನ ತುಟಿಗಳು ಸದ್ದಿಲ್ಲದೆ ದೇವರ ನಾಮ ಹೇಳುತ್ತಿದ್ದವು. ನಡುವೆ ನಿಲ್ಲಿಸಿ ಕೇಳಿದ, “ಎದೆ ಏಳ್ತಾ ಇದೆಯಾ ಅತ್ತೆ?”

“ಏಳ್ತಾ ಇದೆ... ಇಳೀತಾ ಇದೆ... ಆದ್ರೆ ಅಳು ಇಲ್ವಲ್ಲಪ್ಪಾ!”

“ಹಾಗಾದ್ರೆ ಸ್ವಲ್ಪ ತಡೀರಿ.”

ಆ ಒಂದು ನಿಮಿಷ ಮುಗಿಯುವಂತೆಯೇ ಕಾಣಲಿಲ್ಲ. ಆಮೇಲೆ ಬೆಕ್ಕಿನ ಮರಿಯದಂಥ ಸಣ್ಣ ದನಿಯೊಂದು ಕೋಣೆಯಿಂದ ಹೊರಬಂತು.

ಶಿಶುಗಳ ವಾರ್ಡಿಗೆ ಒಯ್ಯುವ ಮುನ್ನ ನರ್ಸ್ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಮಗುವಿನ ಮೈತುಂಬ ಗುಲಾಬಿ ಬಣ್ಣವೇರಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಳಿಯನತ್ತ ತಿರುಗಿದರು.

“ಅಷ್ಟು ಗಟ್ಟಿಯಾಗಿ ಬೇಡ ಅಂದ್ರಲ್ಲ, ಯಾವ ಧೈರ್ಯದ ಮೇಲೆ?”

“ನಾನೂ ಏಳು ತಿಂಗಳಿಗೆ ಹುಟ್ಟಿದವನು ಅತ್ತೆ. ನನಗೆ ಪೂರ್ತಿ ಬಿಟ್ಟಿದ್ರಂತೆ. ಜೀವವೇನೋ ಉಳೀತು,” ಎಂದು ಅವನು ಕೈಚಾಚಿ, ಮಗುವಿನ ಮುಖ ಎಲ್ಲಿದೆಯೆಂದು ಬೆರಳುಗಳಿಂದ ತಡವುತ್ತ ಹುಡುಕಿದ.