ಬೆರಳಗಲ ಬಟ್ಟೆ

ಟಿವಿಯಲ್ಲಿ ಹುಡುಗಿ ಐಸಿನ ಮೇಲೆ ಬಂದು ನಿಂತಾಗ ಮಾವ ಚಪ್ಪಾಳೆ ತಟ್ಟಿದರು. ಅಮ್ಮ ಮಾತ್ರ ಎದ್ದು ಹೋಗಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಅವಳು ನೋಡುತ್ತಿದ್ದದ್ದು ಹುಡುಗಿಯ ಮುಖವನ್ನಲ್ಲ, ಕಂಕುಳಿನಿಂದ ಸೊಂಟದವರೆಗೆ ಇಳಿದಿದ್ದ ಹೊಲಿಗೆಯನ್ನು.

“ಅಕ್ಕಾ, ಪಕ್ಕಕ್ಕೆ ಸರಿ! ನಾನೇನು ನಿನ್ನ ಬೆನ್ನು ನೋಡೋಕೆ ಬಂದಿದೀನಾ?” ಎಂದರು ಮಾವ. ಅಮ್ಮನ ತಮ್ಮ, ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಪಕ್ಕದಲ್ಲಿ ಕೂತವರಿಗೆ ಬ್ರೇಕ್ ಹಾಕು, ಗೇರ್ ಬದಲಿಸು ಎಂದು ಹೇಳಿ ಹೇಳಿ ಮನೆಯಲ್ಲೂ ಅದೇ ಚಾಳಿ.

ಹುಡುಗಿ ತೊಟ್ಟಿದ್ದ ಆ ಬಟ್ಟೆಯನ್ನು ಹೊಲಿಸಿದ್ದು ಈ ಮನೆಯ ಮಗಳ ಅಳತೆಗೆ. ಚಳಿಗಾಲದ ಒಲಿಂಪಿಕ್ಸ್‌ನ ಸ್ಕೇಟಿಂಗ್ ಓಟಕ್ಕೆ ಇಡೀ ದೇಶದಿಂದ ಆಯ್ಕೆಯಾಗಿದ್ದವಳು ಅವಳೊಬ್ಬಳೇ. ಹೊರಡುವ ಮೊದಲು ಅಭ್ಯಾಸದಲ್ಲಿ ಬಿದ್ದು ಕಾಲು ಮುರಿದುಕೊಂಡಳು. ಈಗ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದಾಳೆ. ಅವಳ ಬದಲಿಗೆ ಹೋದದ್ದು ತಂಡದವರೆಲ್ಲ ಗುಬ್ಬಿ ಎಂದು ಕರೆಯುವ ಕಿರಿಯ ಹುಡುಗಿ. ಸಣ್ಣ ಮೈಯವಳು, ಬಟ್ಟೆ ದೊಗಳೆಯಾಯಿತು. ಹೊಸದನ್ನು ತರಿಸಲು ಸಮಯವಿರಲಿಲ್ಲ. ಹೇಗೂ ಕಾಲು ಮುರಿದವಳ ತಾಯಿ ಟೈಲರ್ ಅಲ್ಲವೇ, ಅವರೇ ಆಲ್ಟರೇಶನ್ ಮಾಡಿಕೊಡಲಿ ಎಂದರು ಮೇಲಿನವರು.

ಅಮ್ಮ ಮಾಡಿಕೊಟ್ಟಳು. ಎರಡೂ ಪಕ್ಕೆಯಲ್ಲಿ ಒಳಗೆ ಹಿಡಿದು ಹೊಲಿದಳು. ಮಿಕ್ಕದ್ದನ್ನು ಕತ್ತರಿಸಬೇಕಿತ್ತು. ಓಟದ ಬಟ್ಟೆ ಚರ್ಮಕ್ಕೆ ಅಂಟಿದ ಹಾಗಿರಬೇಕು, ಒಳಗೆ ಒಂದು ಸುಕ್ಕಿದ್ದರೂ ಗಾಳಿ ತಡೆದು ವೇಗ ತಗ್ಗುತ್ತದೆ ಎಂದು ಮಗಳೇ ಹೇಳಿದ್ದಳು. ಕತ್ತರಿ ಕೈಗೆತ್ತಿಕೊಂಡರೂ ಅಮ್ಮನಿಗೆ ಮನಸ್ಸು ಬರಲಿಲ್ಲ. ಮಕ್ಕಳ ಯೂನಿಫಾರ್ಮಿಗೆ ಬಿಡುವ ಹಾಗೆ ಬೆರಳಗಲ ಬಟ್ಟೆಯನ್ನು ಒಳಗೇ ಮಡಚಿಬಿಟ್ಟಳು. ಕಾಲು ವಾಸಿಯಾದ ಮೇಲೆ ಹೊಲಿಗೆ ಬಿಚ್ಚಿದರೆ ಅದು ಮತ್ತೆ ಮಗಳದೇ. ಅಷ್ಟೇ ಆಸೆ. ಆ ಆಸೆ ಈಗ ಗುಬ್ಬಿಯ ಪಕ್ಕೆಯಲ್ಲಿ ದಾರದಷ್ಟು ಉಬ್ಬಿ ನಿಂತಿತ್ತು. ಬೇರೆ ಯಾರ ಕಣ್ಣಿಗೂ ಅದು ಬೀಳುವಂತಿರಲಿಲ್ಲ. ಅಮ್ಮನಿಗೆ ಮಾತ್ರ ಅದೊಂದೇ ಕಾಣುತ್ತಿತ್ತು.

“ಚಿನ್ನ ಬೇಡಪ್ಪ, ಕಂಚಾದ್ರೂ ತರ್ಲಿ,” ಎಂದರು ಮಾವ. “ಇಷ್ಟು ದೊಡ್ಡ ದೇಶಕ್ಕೆ ಒಂದು ಪದಕಕ್ಕೂ ಗತಿಯಿಲ್ಲ ಅಂದ್ರೆ ತಲೆ ಎತ್ಕೊಂಡು ಓಡಾಡೋದು ಹೇಗೆ?”

“ನಿಮ್ಮ ತಲೆ ಎತ್ತೋ ಕೆಲಸಾನೂ ಅವಳದ್ದೇನಾ ಮಾವ?” ಎಂದಳು ಮಗಳು.

“ಮತ್ತೆ? ನಿಮಗೆಲ್ಲ ಟ್ರೈನಿಂಗ್ ಕೊಡ್ಸಿದ್ದು ಯಾರು? ದೇಶ ತಾನೇ? ಕೊಟ್ಟೋರು ಕೇಳ್ಬಾರ್ದಾ?”

“ಕೇಳಿ, ಯಾರು ಬೇಡ ಅಂದ್ರು? ಆದ್ರೆ ನಾಲ್ಕು ವರ್ಷಕ್ಕೊಂದ್ಸಲ ಟಿವಿ ಹಾಕಿದ ದಿನ ಮಾತ್ರ ಕೇಳ್ಬೇಡಿ. ಫ್ರಿಜ್ಜಿಂದ ಐಸ್ ಟ್ರೇ ತೆಗೆಯೋಕೂ ಅತ್ತೇನ ಕರೆಯೋರು ನೀವು.”

ನಗುತ್ತಲೇ ಹೇಳಿದಳು, ಆದರೆ ಒಳಗೆ ಬೇರೆಯೇ ಲೆಕ್ಕ. ಗುಬ್ಬಿ ಗೆದ್ದುಬಿಟ್ಟರೆ ತನ್ನನ್ನು ಇನ್ನು ಯಾರು ಕೇಳುತ್ತಾರೆ? ಸೋಲಲಿ ಎಂದು ಬಾಯಿಬಿಟ್ಟು ಹೇಳಲಾರಳು, ಗೆಲ್ಲಲಿ ಎನ್ನಲು ನಾಲಿಗೆ ಏಳದು.

ಗುಬ್ಬಿ ಓಡಿದಳು. ಕೊನೆಯ ತಿರುವು ದಾಟುವಾಗಲೂ ಮೂರನೆಯವಳಾಗಿದ್ದಳು. ಗೆರೆ ಇನ್ನೇನು ಬಂತು ಎನ್ನುವಾಗ ಹಿಂದಿದ್ದವಳು ಕಾಲು ಚಾಚಿ ಸ್ಕೇಟಿನ ಮೂತಿಯಷ್ಟು ಮುಂದೆ ಹೋದಳು. ನಾಲ್ಕನೆಯ ಸ್ಥಾನ.

“ಥೂ! ಕೈಗೆ ಬಂದಿದ್ದನ್ನ ಬಿಟ್ಲಲ್ಲ!” ಮಾವ ತೊಡೆ ಬಡಿದುಕೊಂಡರು. “ದೇಶ ಅನ್ನೋ ಕಿಚ್ಚಿದ್ದಿದ್ರೆ ಹೀಗಾಗ್ತಿತ್ತಾ? ನಮ್ಮ ಹುಡುಗಿ ಹೋಗಿದ್ರೆ ಕಥೆನೇ ಬೇರೆ ಇತ್ತು.”

“ನಾನು ಹೋಗಿದ್ರೆ ಈ ಥೂ ನನಗೆ ಬೀಳ್ತಿತ್ತು, ಅಷ್ಟೇ,” ಎಂದಳು ಮಗಳು. ಬಯಸಿದ್ದೇ ಆಗಿತ್ತು, ಸಂತೋಷ ಮಾತ್ರ ಆಗಲಿಲ್ಲ, ನಾಚಿಕೆಯಾಯಿತು. “ಇಡೀ ಜಗತ್ತಿಗೆ ನಾಲ್ಕನೆಯವಳು ಮಾವ ಅವಳು. ನಿಮ್ಮ ಡ್ರೈವಿಂಗ್ ಸ್ಕೂಲು ಈ ಬೀದಿಗೆ ಎಷ್ಟನೇದು?”

ಅಮ್ಮ ಟಿವಿ ಆರಿಸಿದಳು. “ಆ ಮಗೂನ ಬೈಬೇಡ ಕಣೋ. ಬೈಯೋದಾದ್ರೆ ನನ್ನ ಬೈ,” ಎಂದವಳೇ ಒಳಗೆ ಬಿಟ್ಟ ಬಟ್ಟೆಯ ವಿಷಯವನ್ನೆಲ್ಲ ಹೇಳಿಬಿಟ್ಟಳು.

“ಬೆರಳಗಲ ಬಟ್ಟೆಗೋಸ್ಕರ ದೇಶದ ಪದಕಾನೇ ಕಳೆದ್ಯಲ್ಲ ಅಕ್ಕಾ,” ಎಂದರು ಮಾವ.

“ಕತ್ತರಿಸು ಅಂತ ಬಡ್ಕೊಂಡೆನಲ್ಲಮ್ಮಾ!” ಮಗಳಿಗೆ ಸಿಟ್ಟೂ ಬಂತು, ಅಳುವೂ ಬಂತು.

“ಕತ್ತರಿಸಿದ್ರೆ ನೀನು ಇನ್ಯಾವತ್ತೂ ಓಡಲ್ಲ ಅಂತ ನಾನೇ ಹೇಳಿದ ಹಾಗೆ ಅನ್ನಿಸ್ತು ಕಣೇ.”

ಅಷ್ಟರಲ್ಲಿ ಮಗಳ ಫೋನ್ ರಿಂಗಾಯಿತು. ಗುಬ್ಬಿಯ ಕರೆ. ಮಗಳು ಸ್ಪೀಕರ್ ಹಾಕುವುದೇ ತಡ, ಅಮ್ಮ ಮುಂದೆ ಬಾಗಿ ಒಂದೇ ಉಸಿರಿಗೆ ಶುರುಮಾಡಿದಳು. “ತಪ್ಪಾಯ್ತಮ್ಮಾ, ನನ್ನದೇ ತಪ್ಪು. ಒಳಗಿನ ಬಟ್ಟೆ ನಾನು ಕತ್ತರಿಸ್ಬೇಕಿತ್ತು, ಕತ್ತರಿಸಲಿಲ್ಲ…”

“ಅಯ್ಯೋ, ಅದು ಗೊತ್ತಮ್ಮಾ.” ಅತ್ತು ಅತ್ತು ಗುಬ್ಬಿಯ ಮೂಗು ಕಟ್ಟಿತ್ತು. “ಓಟಕ್ಕೆ ಮುಂಚೆ ಕೋಚ್ ಕತ್ತರಿ ಹಿಡ್ಕೊಂಡು ಬಂದಿದ್ರು. ನಾನೇ ಬೇಡ ಅಂದೆ. ಕತ್ತರಿಸಿಬಿಟ್ರೆ ಮುಂದಿನ ಸಲ ಅಕ್ಕ ಏನು ಹಾಕ್ಕೋತಾರೆ?”