ಗುಡಿಯ ಭಾರ

ಹಳೆಯ ಕಲ್ಲುಗಳೆಲ್ಲ ಹಗುರಾಗತೊಡಗಿದ ಮೇಲೆ, ಗುಡ್ಡದ ಗುಡಿ ಹಾರಿಹೋಗದಂತೆ ಸುತ್ತಲಿನ ಊರವರು ಪಾಳಿಯ ಪ್ರಕಾರ ಅದರ ಜಗಲಿಯ ಮೇಲೆ ಕೂರುತ್ತಿದ್ದರು. ಹೊಟ್ಟೆ ತುಂಬ ಉಂಡೇ ಬರಬೇಕೆಂಬುದು ಕಟ್ಟಳೆ.

ನಿಂಬೆವ್ವ ಪಾಳಿ ಮುಗಿಸಿ ಎದ್ದಳು. ಆಚೆ ಊರಿನ ಹುಸೇನಬಿ ಬಂದು ಕೂತಳು. ಕೆರೆ ನೀರಿನ ಜಗಳವಾದಂದಿನಿಂದ ಇಬ್ಬರ ನಡುವೆ ಮಾತಿಲ್ಲ. ತುಸು ದೂರ ಹೋಗಿ ನಿಂಬೆವ್ವ ತಿರುಗಿ ನೋಡಿದರೆ, ಜಗಲಿ ಬೆರಳಷ್ಟು ಮೇಲೆದ್ದಿತ್ತು. ರಂಜಾನ್ ಉಪವಾಸದ ತಿಂಗಳೆಂಬುದು ಆಗ ನೆನಪಾಯಿತು.

ಅವಳು ಮರಳಿ ಬಂದು ಹುಸೇನಬಿಯ ಪಕ್ಕದಲ್ಲೇ ದೊಪ್ಪನೆ ಕೂತಳು. ಗುಡಿ ಮೆಲ್ಲಗೆ ನೆಲಕ್ಕಿಳಿಯಿತು.

“ನಿನ್ನ ಪಾಳಿ ಮುಗದೈತಲ್ಲಬೇ?” ಎಂದಳು ಹುಸೇನಬಿ.

“ರೊಟ್ಟಿ ಒಂದೀಟು ಜಾಸ್ತಿ ತಿಂದೀನಿ,” ಎಂದಳು ನಿಂಬೆವ್ವ, ಅವಳತ್ತ ನೋಡದೆ. “ಹೊತ್ತು ಮುಳುಗೂತನಾ ಏಳಾಕ ಆಗೂದಿಲ್ಲ ನನಗ.”