ಅಜ್ಜಿಯ ತಟ್ಟೆಯ ಕೆಸುವಿನ ಗೆಡ್ಡೆ

ಲೂಪೆಯ ಗಂಟಲಿನ ಕೆಳಗೆ ಕೋಳಿಯ ತುಂಡು ಸಿಕ್ಕಿಕೊಂಡಿತು. ಏಳು ವರ್ಷದ ಹುಡುಗಿ ಅಳಲಿಲ್ಲ. ಎದೆಯ ಮೇಲೆ ಅಂಗೈ ಇಟ್ಟು, ಅದು ತಾನಾಗಿ ಇಳಿಯುವವರೆಗೆ ಕಾದಳು. ತಿಂದದ್ದು ಒಗ್ಗದೆ ಅನ್ನನಾಳವೇ ಊದಿಕೊಳ್ಳುವ ಕಾಯಿಲೆ ಅವಳದು. ಹಾಲು, ಗೋಧಿ, ಮೊಟ್ಟೆ ಎಲ್ಲ ಬಿಟ್ಟಿದ್ದಾಯಿತು. ಇನ್ನೂ ತೂಕ ಏರದಿದ್ದರೆ ಆಹಾರಕ್ಕೆ ಮೂಗಿನಿಂದ ನಳಿಕೆ ಹಾಕಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಇಂದು ತಟ್ಟೆ ಖಾಲಿ ಮಾಡಿಯೇ ಏಳುತ್ತೇನೆಂದು ಹಟ ತೊಟ್ಟಿದ್ದಳು.

“ಊಟಕ್ಕೆ ಕೂತಿದೀಯೋ, ಪ್ರಾರ್ಥನೆಗೋ? ಅಲ್ಲಿ ಟೀವೀಲಿ ರಗ್ಬಿ ಶುರುವಾಗೋಯ್ತು ಕಣೇ!” ಎಂದ ಸೋದರಮಾವ ಫಿಲಿಪೋ. ಮೇಜಿನ ಸುತ್ತ ನಗು ಎದ್ದಿತು. ಲೂಪೆ ಚಮಚ ಕೆಳಗಿಟ್ಟಳು. “ನಂಗೆ ಸಾಕು.”

ಬಿಟ್ಟು ಬಂದ ಸಮೋವಾ ದ್ವೀಪದಲ್ಲಿದ್ದಂತೆಯೇ ಬ್ರಿಸ್ಬೇನಿನ ಆ ಮನೆಯಲ್ಲೂ ಹಿರಿಯರು ತಟ್ಟೆ ಸರಿಸುವ ತನಕ ಯಾರೂ ಏಳುವಂತಿಲ್ಲ. ಎಲ್ಲರೂ ಅಜ್ಜಿ ಲೋಸಾಳ ಕಡೆ ನೋಡಿದರು. ಗಂಡನನ್ನು ಮಣ್ಣು ಮಾಡಿದಂದಿನಿಂದ ಆಕೆಗೂ ತುತ್ತು ಇಳಿಯುತ್ತಿರಲಿಲ್ಲ. ದೇವರನ್ನು ನೆನೆದು ಒಂದೆರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದಳು. ಈಗಲೂ ಅವಳ ಕೈ ತಟ್ಟೆಯ ಅಂಚಿನ ಮೇಲೆಯೇ ಇತ್ತು. ಆದರೆ ಸರಿಸಲಿಲ್ಲ. ಬೆಂದ ಕೆಸುವಿನ ಗೆಡ್ಡೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿಯತೊಡಗಿದಳು.

“ಅಮ್ಮಾ, ಆಟ…” ಎಂದು ಫಿಲಿಪೋ ಅರ್ಧ ಎದ್ದ.

“ಕೂತ್ಕೊಳೋ. ದೇವರು ಕೊಟ್ಟಿದ್ದನ್ನ ತಿನ್ನೋವಾಗ ನಿಂಗೇನು ಅವಸರ? ನಂದಿನ್ನೂ ಆಗಿಲ್ಲ,” ಎಂದು ಲೋಸಾ ಇನ್ನೊಂದು ಚೂರು ಮುರಿದಳು.

ಮೇಜಿನ ಆ ತುದಿಯಲ್ಲಿ ಲೂಪೆ ಚಮಚ ಎತ್ತಿಕೊಂಡಳು.